ಮಗನಿಗೆ ಆಕ್ಯುಪೇಷನಲ್ ಥೆರಪಿ ಸಿಕ್ಕಿದ್ದು ಹೀಗೆ

ಮಗನಿಗೆ ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ತುಂಬಾ ಕಷ್ಟವಾಗುತ್ತಿತ್ತು. ಜೋರು ಸದ್ದಾದರೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಗೆ ವಿಚಾರಿಸಿದ ಕಡೆಯೆಲ್ಲ ಕಾಯುವವರ ಪಟ್ಟಿ ಉದ್ದ ಇತ್ತು.

ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್. ಯಾವ ಕೆಲಸದಲ್ಲಿ ತೊಡಕು, ಯಾವ ಹೊತ್ತಿನಲ್ಲಿ, ಏನು ಮಾಡಿದರೆ ಸಮಾಧಾನವಾಗುತ್ತಾನೆ, ಎಲ್ಲ ಬರೆದಿಟ್ಟೆ. ಬಟ್ಟೆ ಹಾಕಿಕೊಳ್ಳುವಾಗ ಚಿಕ್ಕ ವಿಡಿಯೊ ತೆಗೆದೆ. ಮಕ್ಕಳ ಡಾಕ್ಟರ್ ಅದನ್ನು ನೋಡಿ ಥೆರಪಿಸ್ಟ್‌ಗೆ ಪತ್ರ ಬರೆದುಕೊಟ್ಟರು. 'ಕೈಯಲ್ಲಿ ಹಿಡಿತ ಇಲ್ಲ' ಎನ್ನುವುದಕ್ಕಿಂತ ಕಣ್ಣಾರೆ ತೋರಿಸಿದರೆ ಬೇಗ ಅರ್ಥವಾಗುತ್ತದೆ, ಅಲ್ವಾ?

ಒಂದಕ್ಕಿಂತ ಜಾಸ್ತಿ ಕಡೆ ಹೆಸರು ಬರೆಸಿದೆ. ಯಾರಾದರೂ ಬರದಿದ್ದರೆ ಆ ಸಮಯ ನಮಗೆ ಕೊಡಿ ಎಂದೂ ಕೇಳಿಕೊಂಡೆ. ಮೊದಲ ಭೇಟಿ ಸಿಕ್ಕಿದ್ದು ಹಾಗೆಯೇ.

ಅಲ್ಲಿ ನಾನು ಮುಖ್ಯವಾಗಿ ಕೇಳಿದ್ದು ಎರಡು: ಸೆಷನ್‌ನಲ್ಲಿ ನಾನೂ ಕೂರಬಹುದಾ? ಮನೆಯಲ್ಲಿ ಏನು ಮಾಡಿಸಬೇಕು? ವಾರಕ್ಕೊಂದು ಸೆಷನ್‌ ಸಾಲದು, ದಿನದ ಕೆಲಸದಲ್ಲೇ ಅಭ್ಯಾಸ ಆಗಬೇಕು. ಥೆರಪಿಸ್ಟ್ ಹೇಳಿಕೊಟ್ಟ ಒಂದು ಉಪಾಯ ನನಗೆ ತುಂಬಾ ಇಷ್ಟ. ಗುಂಡಿಯನ್ನು ನಾವೇ ಅರ್ಧ ತೂರಿಸಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ಅವನದೇ. ಆಮೇಲೆ ನಿಧಾನವಾಗಿ ಅದರ ಹಿಂದಿನ ಒಂದೊಂದೇ ಹಂತವನ್ನೂ ಅವನಿಗೇ ಬಿಡುವುದು.

ಥೆರಪಿಸ್ಟ್ ಬರೆದ ವರದಿಯ ಒಂದು ಪ್ರತಿಯನ್ನು ಶಾಲೆಗೂ ಕೊಟ್ಟೆ. ಈಗ ಟೀಚರ್ ಅವನಿಗೆ ದಪ್ಪ ಪೆನ್ಸಿಲ್ ಕೊಡುತ್ತಾರೆ, ಬರೆಯಲು ಸ್ವಲ್ಪ ಜಾಸ್ತಿ ಸಮಯವನ್ನೂ ಬಿಡುತ್ತಾರೆ.