ಮನೆಮಂದಿ ನೋಡುವ ಲ್ಯಾಪ್‌ಟಾಪ್: ಮುಂದೆ ಬದಲಿಸಲಾಗದ ಭಾಗಗಳನ್ನು ಅಂಗಡಿಯಲ್ಲೇ ಪರೀಕ್ಷಿಸುವ ಬಗೆ

ಮುಂಬಯಿ ಬಳಿಯ ಡೊಂಬಿವಲಿಯಂಥ ಕಡೆ ಒಂದು ಹಾಲ್, ಒಂದು ಮಲಗುವ ಕೋಣೆಯ ಮನೆಯಲ್ಲಿ ಟಿವಿ ಒಂದೇ ಇರುತ್ತದೆ. ಹಾಗಾಗಿ ಸಿನಿಮಾ, ಸಂಗೀತ, ಊರಿನ ಯಕ್ಷಗಾನದ ಧ್ವನಿಮುದ್ರಿಕೆ ಎಲ್ಲಕ್ಕೂ ಲ್ಯಾಪ್‌ಟಾಪೇ ಎರಡನೆಯ ಟಿವಿಯಾಗುತ್ತದೆ. ಅಂಥ ಲ್ಯಾಪ್‌ಟಾಪ್ ಕೊಳ್ಳುವಾಗ ಹೆಚ್ಚಿನವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು, ಸಂಗ್ರಹ ಎಷ್ಟು ಎಂದು. ಆದರೆ ಸಂಗ್ರಹ ಸಾಲದಿದ್ದರೆ ಹೊರಗಿನಿಂದ ಒಂದು ಡ್ರೈವ್ ಜೋಡಿಸಬಹುದು. ಪರದೆ, ಸ್ಪೀಕರ್, ತಂತಿ ಜೋಡಿಸುವ ಕಿಂಡಿಗಳು ಮತ್ತು ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ತೋರಿಸುವ ಚಿಪ್ ಮಾತ್ರ ಕೊಂಡ ದಿನ ಹೇಗಿವೆಯೋ ಕೊನೆಯವರೆಗೂ ಹಾಗೆಯೇ ಇರುತ್ತವೆ. ಆದ್ದರಿಂದ ಹಣ ಕೊಡುವ ಮೊದಲು ಸಮಯ ವ್ಯಯಿಸಬೇಕಾದುದು ಈ ನಾಲ್ಕರ ಮೇಲೆ.

ಮೊದಲು ಒಂದು ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳಿ. ಕತ್ತಲೆಯ ದೃಶ್ಯಗಳಿರುವ ಒಂದು ವಿಡಿಯೊ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ಒಂದು ದೃಶ್ಯ, ನೀವು ನೂರು ಸಲ ಕೇಳಿರುವ ಒಂದು ಹಾಡು, ಮತ್ತು ಅಚ್ಚ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳ ಐದು ಚಿತ್ರಗಳು ಅದರಲ್ಲಿರಲಿ. ಅಂಗಡಿಯವರು ತೋರಿಸುವ ಪ್ರದರ್ಶನದ ವಿಡಿಯೊವನ್ನು ಯಂತ್ರದ ಗುಣ ಎದ್ದು ಕಾಣುವಂತೆಯೇ ತಯಾರಿಸಿರುತ್ತಾರೆ; ದೋಷ ಕಾಣಬೇಕಾದರೆ ನಿಮಗೆ ಪರಿಚಿತವಾದುದನ್ನೇ ಹಾಕಿ ನೋಡಬೇಕು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ಜನಸಂದಣಿ ಹೆಚ್ಚುವ ಮೊದಲೇ ಹೋಗುವುದು ಒಳ್ಳೆಯದು, ಏಕೆಂದರೆ ಆ ರಸ್ತೆಯ ಗದ್ದಲದಲ್ಲಿ ಯಾವ ಸ್ಪೀಕರನ್ನೂ ಸರಿಯಾಗಿ ತೂಗಲಾಗದು.

ಪರದೆಯ ವಿವರಪಟ್ಟಿಯಲ್ಲಿ ಎರಡು ಅಂಕಿಗಳನ್ನು ಹುಡುಕಿ: ಹೊಳಪು ಎಷ್ಟು ನಿಟ್ (ಪರದೆಯ ಬೆಳಕಿನ ಅಳತೆ), ಬಣ್ಣದ ವ್ಯಾಪ್ತಿ ಎಷ್ಟು. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳು 250 ನಿಟ್‌ಗೇ ನಿಲ್ಲುತ್ತವೆ. ರಾತ್ರಿ ಅಷ್ಟು ಸಾಕಾದರೂ ಕಿಟಕಿಯ ಬೆಳಕು ಬೀಳುವ ಹಾಲಿನಲ್ಲಿ ಹಗಲು ನೋಡಲು 300ಕ್ಕೆ ಕಡಿಮೆ ಇರಬಾರದು, 400 ಇದ್ದರೆ ನೆಮ್ಮದಿ. ಬಣ್ಣದ ಮುಂದೆ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ, ವಿಡಿಯೊಗಳು ಬಳಸುವ ಬಣ್ಣಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚನ್ನು ಮಾತ್ರ ಆ ಪರದೆ ತೋರಬಲ್ಲದು ಎಂದರ್ಥ. ಯಕ್ಷಗಾನದ ವೇಷದ ಕೆಂಪು ಅಂಥ ಪರದೆಯಲ್ಲಿ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದನ್ನು ನಾನು ಕಂಡಿದ್ದೇನೆ. ‘100% ಎಸ್‌ಆರ್‌ಜಿಬಿ’ ಎಂಬುದನ್ನು, ಅಂದರೆ ವಿಡಿಯೊಗಳ ಬಣ್ಣಗಳನ್ನೆಲ್ಲ ತೋರಬಲ್ಲ ಪರದೆಯನ್ನು, ಕೇಳಿ ಪಡೆಯಿರಿ. ನನ್ನ ಮಟ್ಟಿಗೆ ಇದು ಸ್ವಲ್ಪ ವೇಗದ ಪ್ರೊಸೆಸರ್‌ಗಿಂತ ಹೆಚ್ಚು ಬೆಲೆಯುಳ್ಳದ್ದು.

ಇದಕ್ಕೆ ಬದಲಾಗಿ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಪರದೆಗೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ. 15.6 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದೊಂದು ಚುಕ್ಕೆಯೂ ಸುಮಾರು 0.18 ಮಿಲಿಮೀಟರ್ ಅಗಲವಿರುತ್ತದೆ, ಮತ್ತು ಸಾಮಾನ್ಯ ದೃಷ್ಟಿಯ ಕಣ್ಣು ಎರಡು ಅಡಿಗಿಂತ ಆಚೆಯಿಂದ ಆ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಗುರುತಿಸಲಾರದು. ಮಂಚದ ಮೇಲೆ ಒರಗಿ ಆರು ಅಡಿ ದೂರದಿಂದ ನೋಡುವ ಅಜ್ಜಿಗೆ ಎರಡೂ ಒಂದೇ. ಹಾಗೆಯೇ 16:10 ಆಕಾರದ 16 ಇಂಚಿನ ಪರದೆಯೂ 16:9 ಆಕಾರದ 15.6 ಇಂಚಿನ ಪರದೆಯೂ ಹೆಚ್ಚುಕಡಿಮೆ ಒಂದೇ ಅಗಲ, ಅಂದರೆ ಸುಮಾರು 34.5 ಸೆಂಟಿಮೀಟರ್ ಇರುವುದರಿಂದ, ಅಗಲ ಪರದೆಗೆಂದು ತೆಗೆದ ಸಿನಿಮಾ ಎರಡರಲ್ಲೂ ಒಂದೇ ಗಾತ್ರದಲ್ಲಿ ಕಾಣುತ್ತದೆ. ದೊಡ್ಡದರಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಹೆಚ್ಚುತ್ತದೆ, ಅಷ್ಟೆ.

ಪಕ್ಕಕ್ಕೆ ಸರಿಯುವ ದೃಶ್ಯವನ್ನು ಹಾಕಿ ನೋಡುವ ಕಾರಣ ಬೇರೆ. ಸಿನಿಮಾಗಳಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುತ್ತದೆ; 60 ಎಂಬುದು 24ರಿಂದ ಸಮನಾಗಿ ಭಾಗವಾಗದ ಕಾರಣ ಅದು ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಬೇಕಾಗುತ್ತದೆ, ಆಗ ಚಲನೆಯಲ್ಲಿ ಸಣ್ಣ ತಡವರಿಕೆ ಕಾಣಿಸುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಚಿತ್ರವೂ ಸರಿಯಾಗಿ ಐದು ಸಲ ಬರುತ್ತದೆ. ಆಟಕ್ಕೆಂದು ಮಾರುವ ಈ ಗುಣ ಸಿನಿಮಾ ನೋಡುವವರಿಗೂ ಉಪಯುಕ್ತವೆಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಸ್ಪೀಕರ್. ಮೊದಲು ಲ್ಯಾಪ್‌ಟಾಪನ್ನು ತಿರುಗಿಸಿ, ಸ್ಪೀಕರಿನ ರಂಧ್ರಗಳು ಎಲ್ಲಿವೆ ನೋಡಿ. ಅವು ಅಡಿಯಲ್ಲಿದ್ದರೆ ಮೇಜಿನ ಮೇಲೆ ಸದ್ದು ಪ್ರತಿಫಲಿಸಿ ಚೆನ್ನಾಗಿಯೇ ಕೇಳುತ್ತದೆ, ಆದರೆ ಹಾಸಿಗೆಯ ಮೇಲಿಟ್ಟ ಕೂಡಲೇ ಬಟ್ಟೆ ಅದನ್ನು ನುಂಗುತ್ತದೆ. ಅಂಗಡಿಯ ಗಾಜಿನ ಮೇಜಿನ ಮೇಲೆ ಕೇಳಿ ಮೆಚ್ಚಿಕೊಳ್ಳಬೇಡಿ. ನಿಮ್ಮ ಬ್ಯಾಗನ್ನೋ ಮಡಿಸಿದ ಶಾಲನ್ನೋ ಕೆಳಗೆ ಹಾಸಿ ಅದೇ ಹಾಡನ್ನು ಮತ್ತೊಮ್ಮೆ ಕೇಳಿ. ಮನೆಯಲ್ಲಿ ಮಂಚದ ಮೇಲೆಯೇ ಇಡುವವರು ಕೀಲಿಮಣೆಯ ಎರಡೂ ಬದಿಯಲ್ಲಿ ರಂಧ್ರಗಳಿರುವುದನ್ನೇ ಆರಿಸಬೇಕು.

ಸಂಗೀತ ಕೇಳುವವರು ಇನ್ನೊಂದು ಮಿತಿಯನ್ನು ತಿಳಿದಿರಬೇಕು. ಕಪ್ಪು ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 69 ಹರ್ಟ್ಸ್. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ಗಳು ಇಷ್ಟು ತಗ್ಗಿನ ನಾದವನ್ನು ನೇರವಾಗಿ ಹೊರಡಿಸಲಾರವು. ಆ ತಂತಿಯಿಂದ ಜೊತೆಗೇ ಹೊಮ್ಮುವ ಮೇಲಿನ ಸ್ವರಗಳಿಂದಲೇ ನಮ್ಮ ಕಿವಿ ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದುದು ಸದ್ದಿನ ಅಬ್ಬರವನ್ನಲ್ಲ, ಸ್ಪಷ್ಟತೆಯನ್ನು. ಚೆಂಡೆಯೂ ಮದ್ದಳೆಯೂ ಒಟ್ಟಿಗೆ ನುಡಿಯುವ ತುಣುಕನ್ನು ಮುಕ್ಕಾಲು ವಾಲ್ಯೂಮಿನಲ್ಲಿ ಹಾಕಿ: ಚೆಂಡೆಯ ಬಿರುಸಿನ ನಡುವೆ ಮದ್ದಳೆಯ ಪೆಟ್ಟು ಬೇರೆಯಾಗಿ ಕೇಳಿಸುತ್ತದೆಯೇ, ಭಾಗವತರ ಪದ ಅರ್ಥವಾಗುತ್ತದೆಯೇ, ಲ್ಯಾಪ್‌ಟಾಪಿನ ಮೈ ಎಲ್ಲಾದರೂ ಗರಗರ ಎನ್ನುತ್ತದೆಯೇ? ಗರಗರ ಸದ್ದು ಬಂದರೆ ಅದನ್ನು ಬಿಟ್ಟುಬಿಡಿ, ಆ ದೋಷ ಯಾವ ಸಾಫ್ಟ್‌ವೇರಿನಿಂದಲೂ ಹೋಗದು. ಎಷ್ಟೇ ಒಳ್ಳೆಯ ಸ್ಪೀಕರ್ ಇದ್ದರೂ 3.5 ಮಿಲಿಮೀಟರಿನ ಹೆಡ್‌ಫೋನ್ ಕಿಂಡಿ ಇರಲಿ. ಒಂದೇ ಕೋಣೆಯಲ್ಲಿ ಮಕ್ಕಳು ಓದುತ್ತಿರುವ ಮನೆಗಳಲ್ಲಿ ಅದು ದಿನವೂ ಬಳಕೆಗೆ ಬರುತ್ತದೆ.

ಚಿಪ್ಪಿನ ವಿಷಯದಲ್ಲಿ ನೋಡಬೇಕಾದುದು ವೇಗಕ್ಕಿಂತ ಅದು ಯಾವ ವಿಡಿಯೊ ರೂಪಗಳನ್ನು ತಾನೇ ಬಿಡಿಸಬಲ್ಲದು ಎಂಬುದನ್ನು. ವಿಡಿಯೊಗಳನ್ನು ಕುಗ್ಗಿಸಿಡುವ ಈಚಿನ ಬಗೆಯಾದ ಎವಿ1 ರೂಪವನ್ನು ಬಿಡಿಸುವ ಸಾಮರ್ಥ್ಯ ಇಂಟೆಲ್‌ನಲ್ಲಿ 2020ರ 11ನೆಯ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಿಂದ ಬಂದಿದೆ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಅಂಥ ವಿಡಿಯೊ ಒಂದನ್ನು ಹಾಕಿ, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು (ಚಿತ್ರ ಮೂಡಿಸುವ ಚಿಪ್) ಪುಟದ ‘ವಿಡಿಯೊ ಡಿಕೋಡ್’ ಗೆರೆ ಮೇಲೇಳುತ್ತದೆಯೇ ನೋಡಲಿ. ಗೆರೆ ಮಲಗಿಯೇ ಇದ್ದು ಸಿಪಿಯು ಏರಿದರೆ ಆ ಕೆಲಸವೆಲ್ಲ ಪ್ರೊಸೆಸರಿನ ಮೇಲೆ ಬಿದ್ದಿದೆ ಎಂದರ್ಥ. ಫ್ಯಾನಿನ ಸದ್ದು ಸಂಭಾಷಣೆಯನ್ನು ಮುಚ್ಚುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಟಿವಿಗೆ ಜೋಡಿಸುವ ಉದ್ದೇಶವಿದ್ದರೆ, ಚಿತ್ರವನ್ನೂ ಸದ್ದನ್ನೂ ಟಿವಿಗೆ ಒಯ್ಯುವ ಕಿಂಡಿಯಾದ ಎಚ್‌ಡಿಎಂಐ ಇದೆಯೇ ಎಂದು ಕೇಳಿದರೆ ಸಾಲದು, ಅದರ ಆವೃತ್ತಿಯನ್ನು ಕೇಳಬೇಕು. 1.4ರಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ, 2.0ರಲ್ಲಿ 60 ಸಿಗುತ್ತದೆ. ‘4ಕೆ ಬರುತ್ತದೆ’ ಎಂಬ ಅಂಗಡಿಯವರ ಮಾತನ್ನು ನಂಬಿ ನಾನೊಮ್ಮೆ 1.4ರ ಯಂತ್ರವನ್ನು ಮನೆಗೆ ತಂದೆ. ಅವರ ಮಾತು ಸುಳ್ಳಲ್ಲವಾದರೂ ಟಿವಿಯಲ್ಲಿ ಮೌಸಿನ ಬಾಣ ಕೂಡ ಎಳೆದೆಳೆದು ಓಡುತ್ತಿತ್ತು. ಯುಎಸ್‌ಬಿ-ಸಿ ಕಿಂಡಿಗಳೂ ನೋಡಲು ಒಂದೇ ತರಹವಿದ್ದು, ಎಲ್ಲವೂ ಚಿತ್ರವನ್ನು ಹೊರಗೆ ಕಳಿಸುವುದಿಲ್ಲ. ಡಿಸ್‌ಪ್ಲೇಪೋರ್ಟ್ ಸೌಲಭ್ಯವಿದೆಯೆಂದು ವಿವರಪಟ್ಟಿಯಲ್ಲಿ ಬರೆದಿರಬೇಕು.

ರ‍್ಯಾಮ್ 8 ಜಿಬಿ ಇದ್ದು ಅದು ಬೋರ್ಡಿಗೇ ಬೆಸೆದಿದ್ದರೆ, ಖಾಲಿ ಸ್ಲಾಟ್ ಇದೆಯೇ ಕೇಳಿ. ಇಲ್ಲದಿದ್ದರೆ 16 ಜಿಬಿಯನ್ನೇ ಕೊಳ್ಳಿ. ಡಿವಿಡಿ ಡ್ರೈವ್ ಒಳಗಿಲ್ಲವೆಂದು ಚಿಂತಿಸಬೇಡಿ, ಹಳೆಯ ತಾಳಮದ್ದಳೆಯ ಸಿಡಿಗಳಿಗೆ ಯುಎಸ್‌ಬಿಯಲ್ಲಿ ಜೋಡಿಸುವ ಡ್ರೈವ್ ಸಾಕು.

ಕೊನೆಯ ಪರೀಕ್ಷೆಯೊಂದನ್ನು ಅಂಗಡಿಯ ಬೆಳಕಿನಲ್ಲಿ ಮಾಡಲಾಗದು. ತಂದ ದಿನ ರಾತ್ರಿಯೇ ದೀಪ ಆರಿಸಿ, ಅಚ್ಚ ಕಪ್ಪು ಚಿತ್ರವನ್ನು ಪರದೆಯ ತುಂಬ ಹರಡಿ, ಅಂಚುಗಳಲ್ಲಿ ಹಳದಿಯೋ ಬಿಳಿಯೋ ಬೆಳಕು ಸೋರುತ್ತಿದೆಯೇ ನೋಡಿ. ಉಳಿದ ನಾಲ್ಕು ಬಣ್ಣಗಳಲ್ಲಿ ಸತ್ತ ಚುಕ್ಕೆಗಳನ್ನು ಹುಡುಕಿ. ದೋಷವಿದ್ದರೆ ಫೋಟೊ ತೆಗೆದಿಟ್ಟುಕೊಂಡು ಮರುದಿನವೇ ಬಿಲ್ಲಿನೊಂದಿಗೆ ಅಂಗಡಿಗೆ ಹೋಗಿ. ಅಲ್ಲಿಯವರೆಗೆ ಡಬ್ಬಿಯನ್ನೂ ಒಳಗಿನ ಥರ್ಮೋಕೋಲನ್ನೂ ರದ್ದಿಯವನಿಗೆ ಕೊಡಬೇಡಿ.