ವಿಸ್ಕಿ ಗ್ಲಾಸಲ್ಲಿ, ಕಾಫೀಲಿ, ಬಾಣಲೇಲಿ

ನಮ್ ಚಿಕ್ಕಮಗಳೂರ್ ಕಡೆ ವಿಸ್ಕಿ ಅಂದ್ರೆ ಹೆಚ್ಚಿನವರಿಗೆ ಒಂದೇ ದಾರಿ, ನೈಂಟಿ ಹಾಕು ಐಸ್ ತುಂಬು ಸೋಡಾ ಸುರಿ ಗಟಗಟ ಕುಡಿ. ಇದ್ರಲ್ಲಿ ವಿಸ್ಕಿ ರುಚಿ ಎಲ್ಲಿಂದ ಸಿಗ್ಬೇಕು ಹೇಳಿ? ದುಡ್ಡು ಕೊಟ್ಟು ಒಳ್ಳೇ ಬಾಟ್ಲಿ ತಂದಿದ್ರೆ ಹೀಗೆ ಮಾಡಿ ನೋಡಿ.

ಮೊದ್ಲು ಲೇಬಲ್ ಓದಿ. ಸಿಂಗಲ್ ಮಾಲ್ಟ್ ಅಂದ್ರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರೀಲಿ ಮಾಡಿದ್ದು, ನಮ್ಮಲ್ಲಿ ಕಡಿಮೆ ರೇಟಿಗೆ ಸಿಗೋದ್ರಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿ ಸ್ಪಿರಿಟ್ ಬೆರೆಸಿದ್ದು. ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನ 2004ರಲ್ಲಿ ಮೊದ್ಲು ಬಿಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಅಂದ್ರೆ ಸ್ಕಾಚ್ ವಿಸ್ಕಿಯ ತವರಲ್ಲೇ! ಅಲ್ಲಿ ವಿಸ್ಕಿ ಮಾಗೋಕಿಟ್ಟ ಮರದ ಪೀಪಾಯಿಂದ ವರ್ಷಕ್ಕೆ ಸುಮಾರು 2% ಆವಿಯಾದ್ರೆ ಬೆಂಗಳೂರಿನ ಸೆಕೆಗೆ 10%ಗೂ ಮೇಲೆ ಹೋಗುತ್ತೆ, ಅದೇ ಸೆಕೆಗೆ ನಮ್ ವಿಸ್ಕಿ ನಾಲ್ಕೈದು ವರ್ಷಕ್ಕೇ ಮಾಗಿರುತ್ತೆ, ವಯಸ್ಸು ನೋಡಿ ಕಡಿಮೆ ಅನ್ಕೋಬೇಡಿ.

ಗ್ಲಾಸು ಬಾಯಿ ಕಿರಿದಾಗಿರೋದು ಬೇಕು, ವೈನ್ ಗ್ಲಾಸಾದ್ರೂ ನಡಿಯುತ್ತೆ. 30 ಎಂಎಲ್ ಹಾಕಿ ಐದು ನಿಮಿಷ ಬಿಡಿ, ಬಾಯಿ ಸ್ವಲ್ಪ ತೆರೆದಿಟ್ಕೊಂಡು ಮೂಸಿ, ಇಲ್ಲಾಂದ್ರೆ ಮೂಗು ಉರಿಯುತ್ತೆ. ಒಂದು ಗುಟುಕು ನಾಲಿಗೆ ಮೇಲೆ ಹೊರಳಾಡಿಸಿ. ಆಮೇಲೆ ಅರ್ಧ ಚಮಚ ನೀರು, ಅಷ್ಟೇ, ಐಸ್ ಬೇಡ, ತಣ್ಣಗಾದಷ್ಟೂ ವಾಸನೆ ಮುಚ್ಚೋಗುತ್ತೆ. ಹೋದ್ ಮಳೆಗಾಲ ಜಗಲೀಲಿ ಕೂತು ನಮ್ ಭಾವಂಗೆ ಹೀಗೆ ಕೊಟ್ಟೆ, ಮೊದಲನೇ ಗುಟುಕಿಗೆ "ಬರೀ ಖಾರ ಕಣಯ್ಯ" ಅಂದೋರು ನೀರು ಬಿದ್ಮೇಲೆ ಮತ್ತೆ ಮೂಸಿ, ಸ್ವಲ್ಪ ಹೊತ್ತು ಸುಮ್ನಿದ್ದು, "ಆಲೆಮನೆ ವಾಸನೆ ಬರ್ತಿದೆ ಅಲ್ವಾ" ಅಂದ್ರು. ನಿಜ, ಕಾದ ಬೆಲ್ಲದ ವಾಸನೇನೇ ಅದು.

ಆ ಬೆಲ್ಲಾನೇ ಕಾಕ್‌ಟೇಲಿಗೂ ಹಾಕ್ಬೋದು. 60 ಎಂಎಲ್ ವಿಸ್ಕಿ, ಒಂದು ಟೀ ಚಮಚ ಜೋನಿಬೆಲ್ಲ, ದೊಡ್ಡ ಐಸ್ ತುಂಡು, ಕಿತ್ತಳೆ ಸಿಪ್ಪೆ ಮೇಲಿಂದ ಹಿಂಡಿದ್ರೆ ಮುಗೀತು.

ಆದ್ರೆ ಕಾಫಿ ತೋಟದ ನಾಡಲ್ಲಿದ್ಕೊಂಡು ಐರಿಷ್ ಕಾಫಿ ಮಾಡ್ದೇ ಇರೋದು ಹೇಗೆ? ಚಿಕೋರಿ ಇಲ್ಲದ ಅರೇಬಿಕಾ ಪುಡಿ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿ, ಗ್ಲಾಸ್ ಬಿಸಿನೀರಲ್ಲಿ ತೊಳೆದು, ಎರಡು ಚಮಚ ಸಕ್ಕರೆ, 40 ಎಂಎಲ್ ವಿಸ್ಕಿ ಹಾಕಿ ಕಲಸಿ. ಸಕ್ಕರೆ ಬಿಡ್ಬೇಡಿ, ಅದಿದ್ರೆ ಕ್ರೀಮ್ ಚೆನ್ನಾಗಿ ತೇಲುತ್ತೆ. ಕ್ರೀಮನ್ನ ಬಾಟ್ಲೀಲಿ ಕುಲುಕಿ, ದೋಸೆ ಹಿಟ್ಟಿನ ಹದಕ್ಕೆ ಬಂದ್ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಇಳಿಸಿ. ಕಲಸ್ದೇ ಕುಡೀರಿ, ತಣ್ಣನೆ ಕ್ರೀಮ್ ಕೆಳಗಿಂದ ಬಿಸಿ ಕಾಫಿ ಬರೋದೇ ಇದ್ರ ಸುಖ.

ಅಡುಗೆಗೆ ದುಬಾರಿ ಮಾಲ್ಟ್ ಹಾಕ್ಬೇಡಿ, ಆ ಸೂಕ್ಷ್ಮ ವಾಸನೆ ಎಲ್ಲಾ ಮಸಾಲೇಲಿ ಕಳೆದೋಗುತ್ತೆ. ಹಂದಿ ಮಾಂಸ ಅದರ ಕೊಬ್ಬಲ್ಲೇ ಕೆಂಪಗೆ ಹುರಿದಾಗ ಬಾಣಲೆ ತಳಕ್ಕೆ ಕಂದು ಹತ್ಕೊಂಡಿರುತ್ತಲ್ಲ, ರುಚಿ ಇರೋದೇ ಅಲ್ಲಿ. ಗ್ಯಾಸ್ ಆಫ್ ಮಾಡಿ, ವಿಸ್ಕೀನ ಲೋಟದಲ್ಲಿ ಅಳೆದು 30 ಎಂಎಲ್ ಹಾಕಿ, ಬಾಟ್ಲಿಯಿಂದ ನೇರ ಸುರಿಯೋಕೆ ಹೋದ್ರೆ ಬೆಂಕಿ ಹತ್ಕೊಳ್ಬೋದು. ತಳ ಕೆರೆದು, ಕರಿಮೆಣಸು ಹಾಕಿ ಮತ್ತೆ ಸಣ್ಣ ಉರೀಲಿ ಬೇಯಿಸಿ. ಕುದಿಸಿದ್ರೆ ಆಲ್ಕೋಹಾಲ್ ಪೂರ್ತಿ ಹೋಗುತ್ತೆ ಅಂತಾರೆ, ಹೋಗಲ್ಲ, ಅರ್ಧ ಗಂಟೆ ಬೇಯಿಸಿದ್ರೂ ಮೂರರಲ್ಲಿ ಒಂದು ಪಾಲು ಉಳಿಯುತ್ತೆ, ಅದಕ್ಕೆ ಮಕ್ಕಳಿಗೆ, ಕುಡಿಯದೋರಿಗೆ ಮೊದ್ಲೇ ಬೇರೆ ಎತ್ತಿಡಿ. ಜೊತೆಗೆ ಬಿಸಿ ಕಡುಬು ಇರ್ಲಿ.