ಹೊಸ ಪಾಕೆಟ್ ಪಿಸ್ತೂಲು ಪಳಗಿಸಿದ ಬಗೆ: ನನ್ನ ಅನುಭವ

ಡಲ್ಲಾಸ್ ಕಡೆಯ ನಮ್ಮ ಶೂಟಿಂಗ್ ರೇಂಜಿನಲ್ಲಿ, ಹೊಡೆಯುವಾಗ ಪದೇ ಪದೇ ಸಿಕ್ಕಿಕೊಂಡು ನಿಲ್ಲುತ್ತಿದ್ದ ನನ್ನ ಈ ಹೊಸ ಪಿಸ್ತೂಲು ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಕಂಪನಿಗೆ ವಾಪಸ್ ಕಳಿಸು, ಇಲ್ಲವೇ ಮಾರಿ ಹೆಚ್ಚು ಬಲದ ತೋಟೆಯ 9 ಎಂಎಂ ಪಿಸ್ತೂಲು ತಗೋ. ಮಂಗಳೂರಿನ ಗೆಳೆಯರೊಬ್ಬರಂತೂ, "ಇಷ್ಟು ಸಣ್ಣದು ಜೇಬಲ್ಲಿ ಇಟ್ಕೊಳ್ಲಿಕ್ಕೆ ಮಾರಾಯ್ರೇ, ಹೊಡೀಲಿಕ್ಕೆ ಅಲ್ಲ" ಅಂದರು. ಈಗ ಅದು ದಿನಾ ನನ್ನ ಜೇಬಿನಲ್ಲಿದೆ, ಕೊನೆಯ ಇನ್ನೂರು ಚಿಲ್ಲರೆ ಈಡಿನಲ್ಲಿ ಒಮ್ಮೆಯೂ ನಿಂತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಯಾವ ಕಂಪನಿಯದು ಎಂದು ಹೇಳುವುದಿಲ್ಲ. .380 ಅಳತೆಯ ತೋಟೆ, ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮು, ಮೂರು ಇಂಚಿಗೂ ಕಮ್ಮಿ ಬ್ಯಾರಲ್, ಖಾಲಿ ಇದ್ದಾಗ 300 ಗ್ರಾಂ ಕೂಡ ತೂಗುವುದಿಲ್ಲ. ತೆರಿಗೆ ಸೇರಿ 300 ಡಾಲರ್ ಆಸುಪಾಸು ಬಿತ್ತು. ಪಳಗಿಸಲು ಸುಟ್ಟ ತೋಟೆ, ರೇಂಜಿನ ಬಾಡಿಗೆ ಎಲ್ಲ ಕೂಡಿದರೆ ಪಿಸ್ತೂಲಿಗಿಂತ ಜಾಸ್ತಿಯೇ ಆಯಿತು. .380 ಯಾವತ್ತೂ 9 ಎಂಎಂಗಿಂತ ದುಬಾರಿ. 50ರ ಬಾಕ್ಸಿಗೆ 20 ಡಾಲರ್ ಹತ್ತಿರ. ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇದ್ದು, ತಗುಲಿದಾಗ ಅರಳುವ ಗುಂಡು) ಬೇಕೆಂದರೆ ಅಷ್ಟೇ ದುಡ್ಡಿಗೆ ಅರ್ಧವೂ ಬರುವುದಿಲ್ಲ.

ಫ್ಯಾಕ್ಟರಿ ಎಣ್ಣೆ ತೊಳೆದು, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಓಡುವ ರೈಲಿಗೆ ಗ್ರೀಸ್ ಸವರಿಕೊಂಡೇ ಹೋಗಿದ್ದೆ. ಆದರೂ ಮೊದಲ ಎರಡು ಬಾಕ್ಸ್ ಮುಗಿಸುವಷ್ಟರಲ್ಲಿ ತಾಳ್ಮೆ ಹೋಗುವಷ್ಟು ಸಲ ನಿಂತಿತು. ಒಮ್ಮೆ ಸ್ಲೈಡ್ ಪೂರ್ತಿ ಮುಚ್ಚದೆ ಎರಡು ಮೂರು ಮಿಲಿಮೀಟರ್ ಹಿಂದೆಯೇ ಉಳಿಯಿತು, ಇನ್ನೊಮ್ಮೆ ಸುಟ್ಟ ತೋಟೆಯ ಖಾಲಿ ಕೇಸು ಹೊರಹಾರುವ ಕಿಟಕಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿತು, ಮತ್ತೊಮ್ಮೆ ತೋಟೆಯ ಮೂತಿ, ಅದನ್ನು ಬ್ಯಾರಲಿಗೆ ಹತ್ತಿಸುವ ಇಳಿಜಾರಾದ ರ‍್ಯಾಂಪಿಗೆ ಗುದ್ದಿ ನಿಂತಿತು.

"ಇನ್ನೂರು ಹೊಡೆ, ತಾನೇ ಸರಿಹೋಗುತ್ತೆ" ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ಅರ್ಧ ನಿಜ. ಉಳಿದರ್ಧ ಸಿಗುವುದು ಲೆಕ್ಕದ ಪುಸ್ತಕದಲ್ಲಿ. ತೋಟೆ ತುಂಬುವ ಮೂರು ಮ್ಯಾಗಝೀನಿನ ತಳಕ್ಕೂ ಬಿಳಿ ಪೇಂಟಿನಲ್ಲಿ ನಂಬರ್ ಬರೆದೆ. ನಿಂತಾಗಲೆಲ್ಲ ಬರೆದುಕೊಂಡೆ: ಯಾವ ಮ್ಯಾಗಝೀನು, ಎಷ್ಟನೇ ತೋಟೆ, ಯಾವ ಬಾಕ್ಸು, ಒಂದೇ ಕೈಯೋ ಎರಡೋ. ಪಕ್ಕದ ಲೇನಿನವರಿಗೆ ಇದು ವಿಚಿತ್ರ ಕಂಡಿರಬೇಕು. ನಾಲ್ಕು ಬಾಕ್ಸ್ ಮುಗಿಯುವ ಹೊತ್ತಿಗೆ ಪುಸ್ತಕ ತಾನೇ ಮಾತಾಡಿತು. ಸ್ಲೈಡ್ ಮುಚ್ಚದ ತೊಂದರೆ ಮೂರೂ ಮ್ಯಾಗಝೀನಿನಲ್ಲಿ ಸಮನಾಗಿ ಹಂಚಿಹೋಗಿತ್ತು, ನೂರು ದಾಟಿದ ಮೇಲೆ ಕಮ್ಮಿಯಾಗುತ್ತಾ ಬಂದು ನಿಂತೇಹೋಯಿತು. ಅದು ಹೊಸ ಸ್ಪ್ರಿಂಗು, ಹೊಸ ರೈಲಿನ ಬಿಗಿ. ಮೂತಿ ಗುದ್ದುವುದು ಮಾತ್ರ ಹೆಚ್ಚುಕಮ್ಮಿ ಎರಡನೇ ನಂಬರಿನದೇ, ಅದೂ ಪೂರ್ತಿ ತುಂಬಿದಾಗ ಮೊದಲ ತೋಟೆಯಲ್ಲಿ, ಅದರಲ್ಲೂ ಚಪ್ಪಟೆ ಮೂತಿಯ ಅಗ್ಗದ ತೋಟೆಯಲ್ಲಿ. ಇದು ಸಾವಿರ ಈಡು ಹೊಡೆದರೂ ವಾಸಿಯಾಗುವ ಕಾಯಿಲೆಯಲ್ಲ. ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಅದರ ಲಿಪ್ (ತೋಟೆ ಹಿಡಿದಿಡುವ ಮೇಲಂಚು) ಕೂದಲೆಳೆಯಷ್ಟು ಬೇರೆ. ಅದಕ್ಕೆ ನಾನು ಏನು ಮಾಡಿದೆ ಅನ್ನುವುದು ನನ್ನಲ್ಲೇ ಇರಲಿ, ಇಕ್ಕಳ ಹಿಡಿದು ಮ್ಯಾಗಝೀನ್ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ನೀವು ಹೊಸದು ಕೊಳ್ಳಿ, ಮೂವತ್ತು ಡಾಲರ್ ಅಷ್ಟೆ.

ಖಾಲಿ ಕೇಸು ಸಿಕ್ಕಿಕೊಳ್ಳುವುದಕ್ಕೆ ಕಾರಣ ಹಿಡಿತ. ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವನು ನಾನು. ಕೋವಿಯ ಒದೆತ ಭುಜ ತಿನ್ನುತ್ತದೆ. ಇಲ್ಲಿ ಭುಜದ ಆಸರೆಯಿಲ್ಲ, ಕಿರುಬೆರಳಿಗೆ ಜಾಗವೇ ಇಲ್ಲ. ಮಣಿಕಟ್ಟು ಸಡಿಲವಾದರೆ ಫ್ರೇಮೂ ಸ್ಲೈಡಿನ ಜೊತೆಗೇ ಹಿಂದೆ ಬರುತ್ತದೆ, ಸ್ಲೈಡಿಗೆ ಬೇಕಾದಷ್ಟು ಓಟ ಸಿಗುವುದಿಲ್ಲ. ಹಾಗಾಗಿ ಬಲಗೈ ಒಂದೇ, ಎಡಗೈ ಒಂದೇ, ಬೇಕೆಂದೇ ಸಡಿಲ ಹಿಡಿತ, ಹೀಗೆ ಬೇರೆ ಬೇರೆ ಲೆಕ್ಕ ಇಟ್ಟೆ. ಬಿಗಿ ಹಿಡಿತದಲ್ಲಿ ಮಾತ್ರ ಓಡುವ ಪಿಸ್ತೂಲನ್ನು ನಾನು ಪಾಸು ಮಾಡುವುದಿಲ್ಲ.

ನಡುವೆ, ಬಟ್ಟೆ ದಾಟಿಯೂ ಗುಂಡು ಅರಳುತ್ತದೆಯೇ ನೋಡಲು ಗೆಳೆಯರ ಜಮೀನಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಹಿಂದೆ ಮಣ್ಣಿನ ದಿಬ್ಬ, ಮುಂದೆ ಸಾಲಾಗಿ ನೀರು ತುಂಬಿದ ಪ್ಲಾಸ್ಟಿಕ್ ಹಾಲಿನ ಕ್ಯಾನು, ಅದಕ್ಕೆ ಹೊದಿಸಲು ನಾಲ್ಕು ಪದರ ಹಳೇ ಜೀನ್ಸ್. ಎರಡು ಜಾತಿಯ ಹಾಲೋ ಪಾಯಿಂಟ್ ಹೊಡೆದೆವು. ಬಟ್ಟೆ ಇಲ್ಲದಾಗ ಎರಡೂ ಅರಳಿದವು. ಬಟ್ಟೆ ಹೊದಿಸಿದಾಗ ಒಂದರ ಬಾಯಿಗೆ ನೀಲಿ ದಾರ ತುಂಬಿಕೊಂಡು ಹಾಗೇ ಮುಚ್ಚಿಹೋಗಿತ್ತು. ಬಾಯಲ್ಲಿ ಮೆತ್ತನೆ ರಬ್ಬರಿನಂಥದ್ದು ತುಂಬಿ ಬರುವ 90 ಗ್ರೇನ್ (ಸುಮಾರು 6 ಗ್ರಾಂ) ತೂಕದ ಗುಂಡು ಹೆಚ್ಚು ಸಲ ಅರಳಿತು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ನೋಡಿದರೆ ಡಬ್ಬಿ ಮೇಲಿನದಕ್ಕಿಂತ ಸೆಕೆಂಡಿಗೆ ನೂರು ಅಡಿಯಷ್ಟು ಕಮ್ಮಿ. ಇಷ್ಟು ಗಿಡ್ಡ ಬ್ಯಾರಲಿಗೆ ಅದು ಇದ್ದದ್ದೇ.

ಕೊನೆಯ ಪರೀಕ್ಷೆ ಬಹಳ ಜನ ಮಾಡುವುದೇ ಇಲ್ಲ. ಒರೆಸಿ ಎಣ್ಣೆ ಹಾಕಿದ ಪಿಸ್ತೂಲು ಬೇರೆ, ಜೇಬಿನಿಂದ ತೆಗೆದದ್ದು ಬೇರೆ. ಪಾಕೆಟ್ ಹೋಲ್‌ಸ್ಟರಿನಲ್ಲಿ (ಜೇಬಿನೊಳಗೆ ಇಡುವ ಒರೆ, ಅದಿಲ್ಲದೆ ಜೇಬಿಗೆ ಹಾಕುವ ಮಾತೇ ಬೇಡ) ಟೆಕ್ಸಾಸಿನ ಬೇಸಿಗೆಯಲ್ಲಿ ವಾರಗಟ್ಟಲೆ ಇಟ್ಟುಕೊಂಡು ತಿರುಗಿದೆ. ಬೆವರು, ಧೂಳು, ಪ್ಯಾಂಟಿನ ನೂಲು. ಹ್ಯಾಮರ್ ಸಂದಿಯಲ್ಲಿ ಬೂದು ಬಣ್ಣದ ಹತ್ತಿ ಉಂಡೆಯೇ ಕೂತಿತ್ತು. ಅದನ್ನು ತೆಗೆಯದೆ ಹಾಗೇ ರೇಂಜಿಗೆ ಒಯ್ದು ಜೇಬಿನ ತೋಟೆಗಳನ್ನೇ ಸುಟ್ಟೆ. ಒಂದೂ ತಪ್ಪಲಿಲ್ಲ. ವಾಪಸ್ ಕಳಿಸು ಅಂದಿದ್ದವರಲ್ಲಿ ಒಬ್ಬರು ಅಲ್ಲೇ ಇದ್ದರು, ಕೇಳಿ ಪಡೆದು ಎರಡು ಮ್ಯಾಗಝೀನ್ ಹೊಡೆದರು.

ಎಣ್ಣೆ ಈಗ ಎರಡು ಕಡೆ ಮಾತ್ರ, ಒಂದೊಂದು ಹನಿ. ಎಲ್ಲಿಗೆ ಅಂತ ಕೇಳಬೇಡಿ, ನೂಲು ಎಲ್ಲಿ ಅಂಟಿದೆ ನೋಡಿದರೆ ಎಲ್ಲಿಗೆ ಹಾಕಬಾರದು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಇಷ್ಟು ಸಣ್ಣ ಪಿಸ್ತೂಲಿನಲ್ಲಿ ಸ್ಲೈಡನ್ನು ಮತ್ತೆ ಮುಂದೆ ತಳ್ಳುವ ರಿಕಾಯಿಲ್ ಸ್ಪ್ರಿಂಗು ಬೇಗ ಸೋಲುತ್ತದೆ, ಹಾಗಾಗಿ ಇನ್ನೊಂದನ್ನು ತಂದಿಟ್ಟಿದ್ದೇನೆ. ಹಾಕಿದ ದಿನ ಮತ್ತೆ ಎರಡು ಬಾಕ್ಸ್ ಹೊಡೆದು, ಪುಸ್ತಕ ತುಂಬಿಸಿಯೇ ಜೇಬಿಗೆ.